ಕೋಆಕ್ಸ್ ಸಾಕಾ, ಟ್ರೈಆಕ್ಸ್ ಬೇಕಾ?

ಬಳ್ಳಾರಿಯ ಕಾಲೇಜು ಲ್ಯಾಬಿಗೆ ಕೇಬಲ್ ತರುವವರು ಮೊದಲು ನೋಡಬೇಕಾದ್ದು ಬೆಲೆಯನ್ನಲ್ಲ, ಅಳೆಯಬೇಕಾದ ರೆಸಿಸ್ಟೆನ್ಸನ್ನು. ಕೆಲವು ಮೆಗಾ ಓಮ್ ಒಳಗಾದರೆ ಸಾದಾ ಕೋಆಕ್ಸ್, ಅಂದರೆ ನಡುವಿನ ತಂತಿಯ ಸುತ್ತ ಒಂದೇ ಶೀಲ್ಡ್ (ಲೋಹದ ಹೊದಿಕೆ) ಇರುವ ಕೇಬಲ್ ಸಾಕು, ಸುಮ್ನೆ ಜಾಸ್ತಿ ಖರ್ಚು ಬೇಡ.

ಗಿಗಾ ಓಮ್‌ಗೆ ಹೋದರೆ ಕಥೆಯೇ ಬೇರೆ. ಕರೆಂಟ್ ಕೊಟ್ಟು ವೋಲ್ಟೇಜ್ ನೋಡಿ 10 ಗಿಗಾ ಓಮ್ ಅಳೆಯುತ್ತಿದ್ದೀರಿ, ಕೇಬಲ್ಲಿನ ಇನ್ಸುಲೇಶನ್ 100 ಗಿಗಾ ಓಮ್ ಅಂದುಕೊಳ್ಳಿ. ಎರಡೂ ಪ್ಯಾರಲಲ್ ಆಗುತ್ತವೆ, ಮೀಟರ್ ಸುಮಾರು 9.1 ತೋರಿಸುತ್ತದೆ. ಕೇಬಲ್ಲಿನ ಕೆಪಾಸಿಟೆನ್ಸ್ 100 ಪಿಕೋಫ್ಯಾರಡ್ ಇದ್ದರೆ ರೀಡಿಂಗ್ ಒಂದು ಕಡೆ ಸ್ಥಿರವಾಗಿ ನಿಲ್ಲಲು ಹತ್ತಿರ ಹತ್ತಿರ 5 ಸೆಕೆಂಡ್ ಬೇಕು.

ಟ್ರೈಆಕ್ಸ್‌ನಲ್ಲಿ ಒಂದರ ಮೇಲೊಂದು ಎರಡು ಶೀಲ್ಡ್ ಇರುತ್ತವೆ; ಒಳಗಿನ ಶೀಲ್ಡನ್ನು ಗಾರ್ಡ್ ಮಾಡಿ, ನಡುವಿನ ತಂತಿಯ ವೋಲ್ಟೇಜಿನಲ್ಲೇ ಇಡುತ್ತಾರೆ. ವೋಲ್ಟೇಜ್ ವ್ಯತ್ಯಾಸವೇ ಇಲ್ಲದ ಮೇಲೆ ಲೀಕೇಜ್ ಹರಿಯುವುದೆಲ್ಲಿ, ಅಲ್ವಾ? ಕಾಯುವುದೂ ಕಡಿಮೆ. ಆದರೆ ಮೀಟರಿನಲ್ಲಿ ಗಾರ್ಡ್ ಔಟ್‌ಪುಟ್ ಇಲ್ಲದಿದ್ದರೆ ದುಡ್ಡು ದಂಡ.

ಯಾವುದನ್ನೇ ತಂದರೂ ಅಲುಗಾಡದಂತೆ ಟೇಪ್ ಹಾಕಿ. ನಮ್ಮ ಅದಿರಿನ ಧೂಳು ಕನೆಕ್ಟರ್ ಮೇಲೆ ಕೂರದಂತೆ ಮುಚ್ಚಿಡಿ.