ಟೈಮಿಂಗ್ ಬೆಲ್ಟ್ ಕಡಿದ ಮೇಲೆ: ಗುಜರಿ ಎಂಜಿನ್, ಫುಲ್ ಎಂಜಿನ್, ಬರೀ ಹೆಡ್ ಕೆಲಸ

ನಮ್ಮ ಮನೆಯಲ್ಲಿ ಎರಡು ಸ್ಯಾಂಟ್ರೋ ಝಿಂಗ್ ಕಾರುಗಳಿವೆ. ಒಂದು ಬೆಂಗಳೂರಿನಲ್ಲಿ ಅಣ್ಣನ ಹತ್ತಿರ, ಇನ್ನೊಂದು ಹಾಸನದಲ್ಲಿ ನನ್ನ ಹತ್ತಿರ. ಎರಡೂ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ವಾಲ್ವ್ ಮತ್ತು ಪಿಸ್ಟನ್ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಹಿಂದೆ ಯಾವಾಗ ಬದಲಾಯಿಸಿದ್ದರು ಅಂತ ನಾವಿಬ್ಬರೂ ಕೇಳಿರಲಿಲ್ಲ. ಮೂರು ವರ್ಷದ ಅಂತರದಲ್ಲಿ ಎರಡರಲ್ಲೂ ಹಳೇ ಬೆಲ್ಟ್ ಕಡಿಯಿತು. ಹಾಗಾಗಿ ಮೂರು ದಾರಿಗಳನ್ನೂ (ಗುಜರಿಯಿಂದ ಬೇರೆ ಗಾಡಿಯ ಎಂಜಿನ್ ತರುವುದು, ಇಡೀ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಸುವುದು, ವಾಲ್ವ್‌ಗಳಿರುವ ಮೇಲ್ಭಾಗವಾದ ಹೆಡ್ ಮಾತ್ರ ಸರಿಮಾಡಿಸುವುದು) ಸ್ವಂತ ದುಡ್ಡು ಹಾಕಿಯೇ ನೋಡಿದ್ದೇವೆ.

ಮೊದಲು ಗುರುತು ಹಿಡಿಯುವುದು. ನನ್ನ ಗಾಡಿ ಚನ್ನರಾಯಪಟ್ಟಣ ದಾಟಿ ಹಾಸನದ ಕಡೆ ಬರುವಾಗ ಓಡುತ್ತಿದ್ದ ಹಾಗೇ ಆಫ್ ಆಯಿತು. ಸೆಲ್ಫ್ ಹೊಡೆದರೆ ಎಂಜಿನ್ ಗಿರ್ರ್ ಅಂತ ಹಗುರವಾಗಿ ತಿರುಗುತ್ತಿತ್ತು. ಯಾವಾಗಲೂ ಇರುವ ಆ ಬಿಗಿ ಇರಲಿಲ್ಲ, ಏಕೆಂದರೆ ಒಳಗೆ ಕಂಪ್ರೆಷನ್, ಅಂದರೆ ಗಾಳಿ ಒತ್ತಿ ಹಿಡಿಯುವ ಬಿಗಿ, ಇಲ್ಲ. ಆ ಸದ್ದು ಕೇಳಿದ ಮೇಲೆ ದಯವಿಟ್ಟು ಮತ್ತೆ ಸೆಲ್ಫ್ ಹೊಡೆಯಬೇಡಿ. ಬೆಲ್ಟ್ ಕಡಿದಾಗ ವಾಲ್ವ್ ತೆರೆಯುವ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ಇನ್ನೂ ಸ್ವಲ್ಪ ತಿರುಗುತ್ತದೆ. ತೆರೆದೇ ಉಳಿದ ವಾಲ್ವ್‌ಗೆ ಪಿಸ್ಟನ್ ಬಂದು ಗುದ್ದುತ್ತದೆ. ಎಲ್ಲ ಎಂಜಿನ್‌ಗಳಲ್ಲೂ ಹೀಗಾಗುವುದಿಲ್ಲ, ಆದರೆ ಈ 1.1 ಲೀಟರ್, 12 ವಾಲ್ವ್ ಎಂಜಿನ್‌ನಲ್ಲಿ ಆಗುತ್ತದೆ. ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಇನ್ನೊಂದು ಪೆಟ್ಟು ಬಿದ್ದ ಹಾಗೆ.

ಅಣ್ಣ ಆರಿಸಿಕೊಂಡಿದ್ದು ಗುಜರಿ ಎಂಜಿನ್. ಕಾರಣ ಸರಳ: ಮೂರೇ ದಿನದಲ್ಲಿ ಗಾಡಿ ಕೈಗೆ ಬರುತ್ತದೆ. ಎಂಜಿನ್‌ಗೆ 28,000, ಇಳಿಸಿ ಕೂರಿಸುವ ಕೂಲಿ 8,000, ಹೊಸ ಬೆಲ್ಟ್, ಸೀಲ್, ಆಯಿಲ್ ಎಲ್ಲ ಸೇರಿ 5,500. ಒಟ್ಟು 41,500. ಮಾರಿದವರು ಏಳು ದಿನದ ಗ್ಯಾರಂಟಿ ಕೊಟ್ಟಿದ್ದರು. ಆ ಏಳು ದಿನ ಚೆನ್ನಾಗಿಯೇ ಓಡಿತು. ಐದನೇ ತಿಂಗಳಿಗೆ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ, ಎಂಟನೇ ತಿಂಗಳಿಗೆ ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್. ನೆಲದ ಮೇಲೆ ಇಟ್ಟ ಎಂಜಿನ್ ನೋಡಿ ಅದರ ಒಳಗಿನ ಸವೆತ ಹೇಳುವುದು ಯಾರಿಂದಲೂ ಆಗಲ್ಲ. ಈ ದಾರಿಯ ದೊಡ್ಡ ತೊಂದರೆಯೇ ಅದು.

ಇನ್ನೊಂದು ತಲೆನೋವು ಎಂಜಿನ್ ನಂಬರ್. ಅದು ಆರ್‌ಸಿಯಲ್ಲಿ ಇರುತ್ತದೆ. ಎಂಜಿನ್ ಬದಲಾದರೆ ಆರ್‌ಟಿಓಗೆ ತಿಳಿಸಿ ತಿದ್ದಿಸಿಕೊಳ್ಳಲೇಬೇಕು, ಇನ್ಶೂರೆನ್ಸ್‌ನವರಿಗೂ ಹೇಳಬೇಕು. ಸುಮ್ನೆ ಬಿಟ್ಟರೆ ಮಾರುವಾಗಲೋ, 15 ವರ್ಷಕ್ಕೆ ಎಫ್‌ಸಿ ಮಾಡಿಸುವಾಗಲೋ ಸಿಕ್ಕಿಹಾಕಿಕೊಳ್ಳುತ್ತೀರಿ. ಸರಿಯಾದ ಬಿಲ್ಲು, ಹಳೇ ಗಾಡಿಯ ಕಾಗದ ಇಲ್ಲದ ಎಂಜಿನ್ ಮುಟ್ಟಲೇಬೇಡಿ.

ಕೊನೆಗೆ ಅದೇ ಎಂಜಿನ್‌ಗೆ ಅಣ್ಣ ಫುಲ್ ಎಂಜಿನ್ ಕೆಲಸ ಮಾಡಿಸಿದ. ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್‌ನ ಮುಖ್ಯ ಭಾಗ) ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್, ಹೊಸ ರಿಂಗ್, ಮೇನ್ ಬೇರಿಂಗ್, ಬಿಗ್ ಎಂಡ್ ಬೇರಿಂಗ್, ಆಯಿಲ್ ಪಂಪ್, ಹೆಡ್ ಕೆಲಸ. 47,000 ರೂಪಾಯಿ, ಹದಿನಾರು ದಿನ. ಆ ಮೇಲೆ ಮೊದಲ ಸಾವಿರ ಕಿಲೋಮೀಟರ್ ಮೆತ್ತಗೆ ಓಡಿಸಬೇಕು. ಕೆಲಸ ಚೆನ್ನಾಗಿ ಆಗಿದೆ, ಎಂಜಿನ್ ಇವತ್ತಿಗೂ ಹೊಗೆ ಬಿಡಲ್ಲ. ಆದರೆ ಒಟ್ಟು ಲೆಕ್ಕ 88,500. ಹಳೇ ಸ್ಯಾಂಟ್ರೋಗೆ ಅದು ಜಾಸ್ತಿಯೇ ಅಲ್ವಾ? ಅವನದೇ ಮೊದಲಿನ ಎಂಜಿನ್‌ನ ಹೆಡ್ ಒಮ್ಮೆ ಇಳಿಸಿ ನೋಡಿದ್ದರೆ ಸಾಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಅದು ಹೊಗೆ ಬಿಟ್ಟಿದ್ದೇ ಇಲ್ಲ.

ಅದಕ್ಕೇ ನನ್ನ ಸರದಿ ಬಂದಾಗ ಮೊದಲು ಹೆಡ್ ಇಳಿಸಿಸಿದೆ. ಇಬ್ಬರು ಮೆಕ್ಯಾನಿಕ್‌ಗಳು ಗಾಡಿ ನೋಡುವ ಮೊದಲೇ "ಫುಲ್ ಎಂಜಿನ್ ಮಾಡಿಸಿಬಿಡಿ ಸರ್" ಅಂದರು. ಮೂರನೆಯವರು, "ಹೆಡ್ ಇಳಿಸದೆ ನಾನು ರೇಟ್ ಹೇಳಲ್ಲ ಅಣ್ಣಾ" ಅಂದರು. ಗಾಡಿ ಅವರಿಗೇ ಕೊಟ್ಟೆ.

ಹೆಡ್ ಇಳಿದ ದಿನ ನಾನೂ ಪಕ್ಕದಲ್ಲೇ ಕೂತಿದ್ದೆ. ಪಿಸ್ಟನ್‌ಗಳ ತಲೆಯ ಮೇಲೆ ವಾಲ್ವ್ ತಾಗಿದ ಅರ್ಧಚಂದ್ರದ ಗುರುತುಗಳು. ಮಸಿ ಒರೆಸಿ ನೋಡಿದರೆ ಗೀಚಿದಷ್ಟೇ, ಬಿರುಕಿಲ್ಲ. ಸಿಲಿಂಡರ್ ಗೋಡೆಯ ಮೇಲೆ ಕಾರ್ಖಾನೆಯಲ್ಲಿ ಎಳೆದ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದವು. ಮೇಲಿನ ಅಂಚಿನಲ್ಲಿ ಉಗುರು ಎಳೆದರೆ ತಡೆಯುವಂಥ ಮೆಟ್ಟಿಲು ಇರಲಿಲ್ಲ, ಅಂದರೆ ಸವೆತ ಹೆಚ್ಚಿಲ್ಲ. ನಾಲ್ಕೂ ಪಿಸ್ಟನ್‌ಗಳನ್ನು ಒಂದೊಂದಾಗಿ ಪೂರ್ತಿ ಮೇಲೆ ತಂದು ವರ್ನಿಯರ್‌ನಲ್ಲಿ ಎತ್ತರ ಅಳೆದರು. ಒಂದು ಕಡಿಮೆ ಬಂದಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗಿದೆ ಅಂತ ಅರ್ಥ. ಎಲ್ಲ ಒಂದೇ ಇತ್ತು. ಆಮೇಲೆ ನಾಲ್ಕರಲ್ಲೂ ಅಷ್ಟಷ್ಟು ಸೀಮೆಎಣ್ಣೆ ಸುರಿದು ಊಟಕ್ಕೆ ಹೋದರು. ಬಂದು ನೋಡಿದಾಗ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ ಉಳಿದಿತ್ತು, ಅಂದರೆ ಯಾವ ಪಿಸ್ಟನ್ ರಿಂಗೂ ಬೇರೆಯವುಗಳಿಗಿಂತ ಹೆಚ್ಚು ಸೋರುತ್ತಿಲ್ಲ. ಅಲ್ಲಿಗೆ ಕೆಳಗಿನ ಭಾಗ ಬಿಚ್ಚುವ ಮಾತು ಮುಗಿಯಿತು.

ವಾಲ್ವ್‌ಗಳನ್ನು ಗಾಜಿನ ತುಂಡಿನ ಮೇಲೆ ಉರುಳಿಸಿ ತೋರಿಸಿದರು. ಏಳು ಕುಂಟುತ್ತಾ ಉರುಳಿದವು, ಐದು ನೆಟ್ಟಗಿದ್ದವು. ಆ ಐದನ್ನು ಉಳಿಸಿಕೊಳ್ಳೋಣವೇ ಅಂತ ಕೇಳಿದೆ. ಅವರು ಒಪ್ಪಲಿಲ್ಲ, ಅದು ಸರಿಯೇ. ಕಣ್ಣಿಗೆ ಕಾಣದಷ್ಟು ಪೆಟ್ಟು ತಿಂದ ವಾಲ್ವ್ ಮುಂದೆ ಮುರಿದರೆ ಪಿಸ್ಟನ್ನೂ ಹೋಗುತ್ತದೆ. ಲೇತ್ ಅಂಗಡಿಯಲ್ಲಿ ವಾಲ್ವ್ ಜಾರುವ ಗೈಡ್ ನೋಡಿ, ವಾಲ್ವ್ ಕೂರುವ ಸೀಟ್ ಕಟಿಂಗ್, ಹೆಡ್‌ನ ತಳ ಸಮ ಮಾಡುವ ಫೇಸಿಂಗ್ ಮಾಡಿಸಿದೆವು. ಹೆಡ್ ವಾಪಸ್ ಬಂದಾಗ ಪೋರ್ಟ್‌ಗಳಿಗೆ ಪೆಟ್ರೋಲ್ ಸುರಿದು ವಾಲ್ವ್ ಅಂಚಿನಲ್ಲಿ ಜಿನುಗುತ್ತದೆಯೇ ಅಂತ ನೋಡಿ. ಹತ್ತು ನಿಮಿಷದ ಕೆಲಸ. ನಮ್ಮದರಲ್ಲಿ ಒಂದು ಜಿನುಗಿತು, ಅದನ್ನು ಮತ್ತೆ ಲ್ಯಾಪಿಂಗ್ ಮಾಡಬೇಕಾಯಿತು (ವಾಲ್ವ್ ಮತ್ತು ಸೀಟ್ ಉಜ್ಜಿ ಕೂಡಿಸುವುದು).

ಖರ್ಚು ಹೀಗೆ: ಹನ್ನೆರಡು ವಾಲ್ವ್ 3,600, ಗ್ಯಾಸ್ಕೆಟ್ ಸೆಟ್ 2,300, ಬೆಲ್ಟ್ ಮತ್ತು ಟೆನ್ಷನರ್ 2,400, ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲ್ 500, ಲೇತ್ 3,800, ಆಯಿಲ್, ಫಿಲ್ಟರ್, ಕೂಲೆಂಟ್ 2,300, ಕೂಲಿ 6,500. ಒಟ್ಟು 21,400, ಎಂಟು ದಿನ. ಇದರಲ್ಲಿ ಟೆನ್ಷನರ್ ಮತ್ತು ಸೀಲ್ ಮಾತ್ರ ಉಳಿಸಲು ಹೋಗಬೇಡಿ. ಟೆನ್ಷನರ್‌ನ (ಬೆಲ್ಟ್ ಬಿಗಿಯಾಗಿ ಹಿಡಿಯುವ ಚಕ್ರ) ಹಳೇ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟೂ ಹೋಗುತ್ತದೆ. ಸೀಲ್ ಸೋರಿದರೆ ಆಯಿಲ್ ಬಿದ್ದು ಬೆಲ್ಟ್ ರಬ್ಬರ್ ಹಾಳಾಗುತ್ತದೆ.

ಹೆಡ್ ಬಿಗಿಯಾದರೆ ಹಳೇ ರಿಂಗ್ ತಡೆಯಲ್ಲ, ಆಯಿಲ್ ಕುಡಿಯುತ್ತದೆ ಅಂತ ತುಂಬಾ ಜನ ಹೆದರಿಸಿದ್ದರು. ಹೆಡ್ ಕೆಲಸ ಆದ ಮೇಲೆ ನನ್ನ ಗಾಡಿ ಈಗ 11,000 ಕಿಲೋಮೀಟರ್ ಓಡಿದೆ. ಕಂಪ್ರೆಷನ್ ನಾಲ್ಕರಲ್ಲೂ 160 ಪಿಎಸ್‌ಐ ಮೇಲಿದೆ, ಎರಡು ಸರ್ವಿಸ್ ಮಧ್ಯೆ ಆಯಿಲ್ ಹಾಕಬೇಕಾಗಿಲ್ಲ. ಬೆಲ್ಟ್ ಕಡಿಯುವ ಮೊದಲೂ ಹಾಕಬೇಕಾಗಿರಲಿಲ್ಲ, ನನಗೆ ಧೈರ್ಯ ಕೊಟ್ಟಿದ್ದು ಅದೇ. ನಿಮ್ಮ ಗಾಡಿ ಮೊದಲಿನಿಂದಲೇ ಹೊಗೆ ಬಿಡುತ್ತಿದ್ದರೆ, ಸೀಮೆಎಣ್ಣೆ ಒಂದು ಸಿಲಿಂಡರ್‌ನಲ್ಲಿ ಮಾತ್ರ ಬೇಗ ಇಳಿದುಹೋದರೆ, ಬರೀ ಹೆಡ್ ಕೆಲಸಕ್ಕೆ ದುಡ್ಡು ಹಾಕಬೇಡಿ. ಆಗ ನಿಮ್ಮದೇ ಎಂಜಿನ್‌ಗೆ ಫುಲ್ ಎಂಜಿನ್ ಕೆಲಸ ಮಾಡಿಸಿ. ಗುಜರಿ ಎಂಜಿನ್ ನಾನು ಆರಿಸುವುದು ಒಂದೇ ಸಂದರ್ಭದಲ್ಲಿ: ಬ್ಲಾಕ್ ಒಡೆದಿದ್ದು, ಬೇರೆ ಗಾಡಿಯಲ್ಲಿ ಓಡುತ್ತಿರುವ ಎಂಜಿನ್ ಇಳಿಸುವ ಮೊದಲೇ ಸ್ಟಾರ್ಟ್ ಮಾಡಿ ನೋಡಲು ಸಿಕ್ಕರೆ.