ಫ್ರೆಂಚ್ ಕನೆಕ್ಷನ್ ಬ್ಲೂ-ರೇ: 2009ರದ್ದಾ, 2012ರದ್ದಾ?

'ದಿ ಫ್ರೆಂಚ್ ಕನೆಕ್ಷನ್' (1971) ಸಿನಿಮಾದ ಬ್ಲೂ-ರೇ ಕೊಳ್ಳುವಾಗ ಡಿಸ್ಕ್ ಬಂದ ವರ್ಷ ನೋಡಿ. 2009ರದ್ದಕ್ಕೆ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಬಣ್ಣವನ್ನೇ ಬದಲಿಸಿದ್ದರು. ಬಣ್ಣದ ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಅದರ ಮೇಲೆ ಮಸುಕು ಮಾಡಿದ ಬಣ್ಣದ ಪದರ ಕೂರಿಸಿದ್ದರು. ಹಾಗಾಗಿ ಬಣ್ಣ ಅಂಚು ದಾಟಿ ಹರಡುತ್ತದೆ, ಗ್ರೇನ್ (ಫಿಲ್ಮ್‌ನಲ್ಲಿ ಕಾಣುವ ಸಣ್ಣ ಚುಕ್ಕೆಗಳು) ಒರಟಾಗಿ ಕಣ್ಣಿಗೆ ಹೊಡೆಯುತ್ತದೆ. ಛಾಯಾಗ್ರಾಹಕ ಓವೆನ್ ರೋಯ್ಜ್‌ಮನ್ ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು.

2012ರದ್ದಕ್ಕೆ ಇಬ್ಬರೂ ಜೊತೆ ಸೇರಿ ಬಣ್ಣ ಸರಿಪಡಿಸಿದರು. ಸಿನಿಮಾದ ಶುರುವಿನಲ್ಲಿ ನಾಯಕ, ಪೊಲೀಸ್ ಡಾಯ್ಲ್ ಹಾಕಿದ ಸಾಂಟಾ ವೇಷದ ಕೆಂಪನ್ನು ಎರಡರಲ್ಲೂ ನೋಡಿ, ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ. ಗ್ರೇನ್ ಇದರಲ್ಲೂ ಜಾಸ್ತಿ ಇದೆ, ಇರಲೇಬೇಕು: ನ್ಯೂಯಾರ್ಕ್ ಬೀದಿಗಳಲ್ಲಿ, ಸಿಕ್ಕ ಬೆಳಕಲ್ಲಿ ತೆಗೆದ ಸಿನಿಮಾ ಅಲ್ವಾ!

ನಿರ್ದೇಶಕರ ಹಕ್ಕು ದೊಡ್ಡದೇ. ಆದರೂ 1971ರಲ್ಲಿ ಜನ ಕಂಡ ಸಿನಿಮಾ ನಮಗೂ ಸಿಗಬೇಕು. 2012ರದ್ದನ್ನೇ ಕೊಳ್ಳಿ.