ಬೀನ್ಸ್ ಬೆಳೆಯುವವರೇ, ಬಿಳಿ ಚೀಟಿ ಹಿಡಿದುಕೊಂಡು ಮಂಡಿಯಿಂದ ಆಚೆ ಬರಬೇಡಿ

ಹಳೇಬೀಡು ಕಡೆಯ ಒಂದು ಮನೆಯವರು ಕೊಳವೆಬಾವಿ ನೀರಲ್ಲಿ ಅರ್ಧ ಎಕರೆ ಬೀನ್ಸ್ ಬೆಳೆದು, ಮೊದಲ ನಾಲ್ಕು ಕೊಯ್ಲನ್ನೂ ಒಂದೇ ಮಂಡಿಗೆ ಹಾಕಿದರು. ದುಡ್ಡು ಕೊನೆಗೆ ಒಟ್ಟಿಗೆ ಕೊಡ್ತೀವಿ ಅಂದಿದ್ದರು. ಲೆಕ್ಕಕ್ಕೆ ಕೂತಾಗ ಎರಡು ಕೊಯ್ಲಿನ ಮಾಲು ಬಂದೇ ಇಲ್ಲ ಅಂದುಬಿಟ್ಟರು. ಎಪಿಎಂಸಿ ಕಚೇರಿಗೆ ಹೋದರೆ ಅಲ್ಲಿ ಬಿಲ್ ಕೇಳಿದರು. ಕೈಯಲ್ಲಿದ್ದದ್ದು ನಾಲ್ಕು ಬಿಳಿ ಚೀಟಿ. ಅಂಗಡಿ ಹೆಸರಿಲ್ಲ, ಲೈಸೆನ್ಸ್ ನಂಬರಿಲ್ಲ, ತಾರೀಕೂ ಇಲ್ಲ. ಚೀಲ, ತೂಕ, ರೂಪಾಯಿ ಅಷ್ಟೇ. ದೂರು ಅಲ್ಲಿಗೇ ನಿಂತಿತು.

ಬೇಲೂರು, ಜಾವಗಲ್, ಲಕ್ಯಾ, ಸಖರಾಯಪಟ್ಟಣ ಕಡೆ ತರಕಾರಿ ಹಾಕುವ ಸಣ್ಣ ಹಿಡುವಳಿದಾರರು ಇದನ್ನು ಗಮನವಿಟ್ಟು ಓದಬೇಕು. ಬಾಕಿ ಮುಳುಗುವುದು ಅಪರೂಪ ಇರಬಹುದು, ಆದರೆ ಅದೇ ಚೀಟಿಯಲ್ಲಿ ಪ್ರತಿ ಕೊಯ್ಲಿಗೂ ದುಡ್ಡು ಸೋರುತ್ತದೆ.

ಒಂದು ಲೆಕ್ಕ ನೋಡಿ. 50 ಕೆಜಿಯ 10 ಚೀಲ, ಕೆಜಿಗೆ 30 ರೂಪಾಯಿ ಅಂದರೆ 15,000. ಚೀಲಕ್ಕೆ 2 ಕೆಜಿ ಸೂಟು, ಅಂದರೆ ತೂಕದಲ್ಲಿ ಕಡಿತ, ಹಿಡಿದರೆ 600 ಹೋಯಿತು. ಉಳಿದ 14,400ಕ್ಕೆ ನೂರಕ್ಕೆ ಹತ್ತರಂತೆ ದಲಾಲಿ 1,440. ಹಮಾಲಿ ಬಿಟ್ಟೇ 2,040 ರೂಪಾಯಿ ಕಡಿತ. ಅಂದರೆ 68 ಕೆಜಿ ಬೀನ್ಸ್ ಪುಕ್ಕಟೆ ಕೊಟ್ಟಂತಾಯಿತು.

ಈ ಎರಡು ಕಡಿತವೂ ನ್ಯಾಯವಲ್ಲ. ಎಪಿಎಂಸಿ ನಿಯಮದ ಪ್ರಕಾರ ದಲಾಲಿಯನ್ನು ಕೊಳ್ಳುವವರಿಂದ ಪಡೆಯಬೇಕು, ರೈತರಿಂದ ಹಿಡಿಯುವಂತಿಲ್ಲ. ಬಿಳಿ ಚೀಟಿ ಬಳಕೆಯಲ್ಲಿ ಉಳಿದಿರುವುದೇ ಇದಕ್ಕೆ. ನಂಬರ್ ಇರುವ ಬಿಲ್ಲಿನಲ್ಲಿ ಈ ಕಡಿತವನ್ನು ಬರೆದರೆ ಬರೆದವರೇ ಸಿಕ್ಕಿಬೀಳುತ್ತಾರೆ. ಇನ್ನು ಸೂಟಿಗೆ ಚೀಲದ ತೂಕ ಅಂತ ನೆಪ ಹೇಳುತ್ತಾರೆ. ಗೋಣಿಚೀಲವೇ ಹೆಚ್ಚೆಂದರೆ 1 ಕೆಜಿ ಆಸುಪಾಸು, ಪ್ಲಾಸ್ಟಿಕ್ ಚೀಲ 100 ಗ್ರಾಂ ಸುತ್ತಮುತ್ತ. ಖಾಲಿ ಚೀಲವೊಂದನ್ನು ಅದೇ ತಕ್ಕಡಿ ಮೇಲೆ ಇಟ್ಟು ತೋರಿಸಿ, ಅಷ್ಟನ್ನೇ ಕಳೆಯಿರಿ ಅನ್ನಿ.

ತೂಕಕ್ಕೆ ಮುಂಚೆ ಯಂತ್ರದಲ್ಲಿ ಸೊನ್ನೆ ಬಂದಿದೆಯಾ ನೋಡಿ. 20 ಕೆಜಿಯ ಮುದ್ರೆ ಕಲ್ಲು ಇಡಿಸಿ, ಮಧ್ಯದಲ್ಲಿ ಒಮ್ಮೆ, ಮೂಲೆಯಲ್ಲಿ ಒಮ್ಮೆ. ಎರಡೂ ಕಡೆ ಒಂದೇ ತೂಕ ಬರಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯವರಿಂದ ವರ್ಷಕ್ಕೊಮ್ಮೆ ಮುದ್ರೆ ಆಗಬೇಕು, ಅದರ ಸರ್ಟಿಫಿಕೇಟ್ ಕೇಳಿ. ಹೊಲಕ್ಕೇ ಬಂದು ಕೊಳ್ಳುವವರ ಕೊಕ್ಕೆ ತಕ್ಕಡಿ ಬಗ್ಗೆ ಇನ್ನೂ ಹುಷಾರಾಗಿರಿ. ಮನೆಯಲ್ಲೇ ತೂಕ ಮಾಡಿ, ಚೀಲದ ಮೇಲೆ ಬರೆದು ಕಳಿಸುವುದು ಒಳ್ಳೆಯದು.

ಬೀನ್ಸ್ ರೈತರು ಮಂಡಿಯಲ್ಲಿ ಜಗ್ಗಾಡಲಾಗದ್ದಕ್ಕೆ ಕಾರಣವೂ ಇದೆ. ಮೂರು ನಾಲ್ಕು ದಿನಕ್ಕೊಮ್ಮೆ ಬಿಡಿಸದಿದ್ದರೆ ಕಾಯಿ ಬಲಿಯುತ್ತದೆ, ಬಿಡಿಸಿದ ಮೇಲೆ ಚೀಲದಲ್ಲಿ ಕಾವು ಹಿಡಿದು ಬಾಡುತ್ತದೆ. ವಾಪಸ್ ತಗೊಂಡು ಹೋಗ್ತೀವಿ ಅನ್ನುವ ಮಾತೇ ಬರುವುದಿಲ್ಲ, ಅದು ಅವರಿಗೂ ಗೊತ್ತು. ಅದಕ್ಕೇ ಇಬ್ಬನಿ ಆರಿದ ಮೇಲೆ ಬಿಡಿಸಿ, ನೆರಳಲ್ಲಿ ಹರಡಿ, ಬಲಿತದ್ದು ಡೊಂಕಾದದ್ದು ಬೇರೆ ಮಾಡಿ ತುಂಬಿ. ನೀರು ಚಿಮುಕಿಸಬೇಡಿ, ಒದ್ದೆ ಕಾಯಿ ಬೇಗ ಕೊಳೆಯುತ್ತದೆ, ಸೂಟು ಹೆಚ್ಚಿಸಲು ಅದೇ ನೆಪವಾಗುತ್ತದೆ. ಮಾಲು ಚೆನ್ನಾಗಿದ್ದರೆ ಎರಡನೇ ಮಂಡಿಗೆ ಹೋಗುವಷ್ಟು ಹೊತ್ತಾದರೂ ತಡೆಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಬೀಜ ಗೊಬ್ಬರಕ್ಕೆಂದು ಮಂಡಿಯಿಂದ ತರುವ ಮುಂಗಡ. ತಂದ ದಿನದಿಂದ ದರ, ದಲಾಲಿ, ಸೂಟು ಮೂರೂ ಅವರ ಕೈಗೆ ಹೋಗುತ್ತವೆ. ತೀರುವವರೆಗೆ ಬೇರೆ ಅಂಗಡಿ ಮೆಟ್ಟಿಲು ಹತ್ತುವಂತಿಲ್ಲ. ಅರ್ಧ ಎಕರೆಗೆ ಆಗುವ ಖರ್ಚಿಗೆ ಸೊಸೈಟಿ ಸಾಲವೋ ಸ್ವಸಹಾಯ ಸಂಘದ ಸಾಲವೋ ಎಷ್ಟೋ ವಾಸಿ.

ಚೀಲ ಇಳಿಸುವ ಮೊದಲೇ ಬಿಲ್ ಕೊಡ್ತೀರಾ ಅಂತ ಕೇಳಿ. ಇಳಿಸಿದ ಮೇಲೆ ಕೇಳಿ ಪ್ರಯೋಜನವಿಲ್ಲ. ತೂಕದ ಅಂಕಿ ಕಾಣುವ ಹಾಗೆ ಮೊಬೈಲಲ್ಲಿ ಫೋಟೋ ತೆಗೆಯಿರಿ. ಹಿಂದಿನ ಕೊಯ್ಲಿನ ದುಡ್ಡು ಬಾರದೆ ಮುಂದಿನದು ಹಾಕಬೇಡಿ. ಈಗಾಗಲೇ ಬಾಕಿ ಸಿಕ್ಕಿಕೊಂಡಿದ್ದರೆ ಚೀಟಿ ಎಸೆಯದೆ, ವಾಹನದ ಬಾಡಿಗೆ ರಸೀದಿ, ಫೋನ್‌ಪೇ ವಿವರ, ಮಾಲು ಹಾಕಿದ ತಾರೀಕು ಎಲ್ಲ ಸೇರಿಸಿ ಎಪಿಎಂಸಿ ಕಾರ್ಯದರ್ಶಿಗೆ ಬರವಣಿಗೆಯಲ್ಲೇ ದೂರು ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿ ಸಹಿ ಪಡೆದುಕೊಳ್ಳಿ.